ಸಾಸಿವೆ ದೊಡ್ಡದಾದ ವರ್ಷ

ನನ್ನ ಕೋಣೆಯಲ್ಲಿ ಒಂದು ಗೋಡೆಯಷ್ಟು ಅಗಲದ ಪರದೆಯಿತ್ತು. ಅದರ ಮೇಲೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವಿನ ನಾಡಿನ ನಕ್ಷೆ, ನಕ್ಷೆಯ ತುಂಬ ಹಳದಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಬ್ಬ ಮನುಷ್ಯನ ಯಕೃತ್ತು. ಉಳಿದವರು ಬೆಳಿಗ್ಗೆ ಎದ್ದು ದೇವರ ಪಟ ನೋಡುತ್ತಾರೆ, ನಾನು ಇದನ್ನು ನೋಡುತ್ತಿದ್ದೆ. ಐವತ್ತೇಳು ವರ್ಷದ, ಮದುವೆಯಾಗದ, ಸಿಡುಕು ಸ್ವಭಾವದ ಹೆಂಗಸಿಗೆ ಅಷ್ಟು ಸಂಸಾರ ಸಾಕಾಗಿತ್ತು.

ಮೊದಲಿನಿಂದ ಹೇಳದಿದ್ದರೆ ತಿಳಿಯುವುದಿಲ್ಲ. ನನ್ನ ಅಜ್ಜಿಯ ಕಾಲಕ್ಕಿಂತ ಹಿಂದಿನಿಂದಲೂ ಕುರಿ ಕಾಯುವ ಈ ಸೀಮೆಯಲ್ಲಿ ನೀರುಗುಳ್ಳೆ ರೋಗ ಇತ್ತು. ನಾಯಿಯ ಕರುಳಿನಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಹುಳು. ಅದರ ಮೊಟ್ಟೆ ನಾಯಿಯ ಹೇಲಿನೊಂದಿಗೆ ಹೊರಬಿದ್ದು ಹುಲ್ಲಿಗೆ ಅಂಟುತ್ತದೆ. ಆ ಹುಲ್ಲು ಮೇಯ್ದ ಕುರಿಯ ಯಕೃತ್ತಿನಲ್ಲಿ ನೀರು ತುಂಬಿದ ಗುಳ್ಳೆಯಾಗುತ್ತದೆ. ಕುರಿ ಸತ್ತಾಗ ಅದರ ಯಕೃತ್ತು ತಿಂದ ನಾಯಿಯ ಹೊಟ್ಟೆಯಲ್ಲಿ ಮತ್ತೆ ಹುಳುವಾಗುತ್ತದೆ. ನಾಯಿ, ಕುರಿ, ಮತ್ತೆ ನಾಯಿ, ಇಷ್ಟೇ ಅದರ ಲೋಕ. ಮನುಷ್ಯ ನಡುವೆ ಮೂಗು ತೂರಿಸಿದವನು. ನಾಯಿಯ ಮೈ ಸವರಿದ ಕೈಯಲ್ಲೇ ರೊಟ್ಟಿ ಮುರಿದು ತಿಂದರೆ ಅವನ ಯಕೃತ್ತಿನಲ್ಲೂ ಗುಳ್ಳೆ ಏಳುತ್ತದೆ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಒಂದು ದಿನ ಒಡೆದರೆ ಒಳಗಿನ ನೀರು ಮೈಗೆ ವಿಷವಾಗಿ, ಅರ್ಧ ಗಂಟೆಯಲ್ಲಿ ಮನುಷ್ಯ ಹೋಗಿಬಿಡಬಹುದು.

ಹುಳುವನ್ನು ಕೊಲ್ಲಲು ಬಹಳ ಜನ ಬಹಳ ಒದ್ದಾಡಿದರು. ಕುರಿಯವರು ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವರು. ಅವರ ನಾಯಿಗಳನ್ನು ಹಿಡಿದು ತಿಂಗಳೊಪ್ಪತ್ತಿಗೆ ಗುಳಿಗೆ ನುಂಗಿಸುವುದು ಯಾರಿಂದಲೂ ಆಗಲಿಲ್ಲ. ಆಗ ನಮ್ಮ ನಿಗಾ ಕೇಂದ್ರದ ಹಿರಿಯರೊಬ್ಬರು ಒಂದು ಪ್ರಶ್ನೆ ಹಾಕಿದರು. ಕೊಲ್ಲಲಾಗದಿದ್ದರೆ ಬಿಡಿ, ಹುಳುವನ್ನು ಸಾಧು ಮಾಡಿದರೆ ಹೇಗೆ?

ಮಾಡಿದೆವು. ನಮ್ಮ ಹೊಸ ತಳಿಯ ಗುಳ್ಳೆ ಸಾಸಿವೆ ಕಾಳಿನಷ್ಟಾಗಿ ನಿಂತುಬಿಡುತ್ತಿತ್ತು. ಅದು ಒಳಗಿದ್ದವರ ಮೈ ಹಳೆಯ ಕ್ರೂರ ತಳಿಯನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಬಿಸ್ಕೀಟಿನಲ್ಲಿಟ್ಟು ನಾಯಿಗಳಿಗೆ ತಿನ್ನಿಸಿದೆವು, ಮಿಕ್ಕಿದ್ದನ್ನು ನಾಯಿ, ಕುರಿಗಳೇ ನೋಡಿಕೊಂಡವು. ಜೊತೆಗೆ ಇನ್ನೊಂದು ಚಮತ್ಕಾರವನ್ನೂ ಸೇರಿಸಿದ್ದೆವು. ಗುಳ್ಳೆಯ ಗೋಡೆಯಿಂದ ಒಂದು ದ್ರವ ಜಿನುಗಿ ಬೆವರಿಗೆ ಬರುತ್ತಿತ್ತು. ಕುರಿಯವರು ಮುಂಗೈಗೆ ಕಟ್ಟಿಕೊಳ್ಳುವ ಕರಿ ಉಣ್ಣೆಯ ದಾರದಲ್ಲಿ ನಮ್ಮದೊಂದು ಎಳೆಯನ್ನು ಹೆಣೆದುಕೊಟ್ಟೆವು. ಬೆವರಿನಲ್ಲಿ ಆ ದ್ರವ ಇದ್ದರೆ ಎಳೆಗೆ ಜೀವ ಬಂದು ನಮ್ಮ ಪರದೆಗೆ ಸುದ್ದಿ ಕಳಿಸುತ್ತಿತ್ತು. ದ್ರವ ಹೆಚ್ಚಿದರೆ ಚುಕ್ಕೆ ದೊಡ್ಡದು. ಗುಳ್ಳೆ ಇಲ್ಲದವನು ನಕ್ಷೆಯಲ್ಲೇ ಇಲ್ಲ.

ಮೂವತ್ತು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ರೋಗ ಹಬ್ಬಿತು, ಒಬ್ಬರೂ ನರಳಲಿಲ್ಲ. ಇಂಥ ವಿಚಿತ್ರ ಹಿಂದೆ ಯಾವ ರೋಗದ ಚರಿತ್ರೆಯಲ್ಲೂ ಆಗಿರಲಿಕ್ಕಿಲ್ಲ. ಜನ ಅದನ್ನು ಸಾಸಿವೆ ಎಂದೇ ಕರೆದರು. ತೊಟ್ಟಿಲಿಗೆ ಹಾಕುವ ದಿನ ನಾಯಿಮರಿ ತಂದು ಕೂಸಿನ ಅಂಗೈ ನೆಕ್ಕಿಸುವ ಶಾಸ್ತ್ರ ಹುಟ್ಟಿಕೊಂಡಿತು. ಹೆಣ್ಣು ನೋಡಲು ಬಂದವರು ಹುಡುಗಿಗೆ ಸಾಸಿವೆ ಬಿದ್ದಿದೆಯೇ ಎಂದು ಕೇಳತೊಡಗಿದರು. ನಾನೂ ಮೂರು ಸಲ ಹುಳುವಿನ ಮೊಟ್ಟೆ ನುಂಗಿ ನೋಡಿದೆ, ನನ್ನೊಳಗೆ ನಿಲ್ಲಲಿಲ್ಲ. ಹೆತ್ತವಳಿಗೇ ಕೂಸು ಒಲಿಯಲಿಲ್ಲ ಎಂದು ಸಹೋದ್ಯೋಗಿಗಳು ಚೇಷ್ಟೆ ಮಾಡುತ್ತಿದ್ದರು. ಆಮೇಲೆ ಅವರೆಲ್ಲ ಬೇರೆ ಬೇರೆ ಕಡೆ ವರ್ಗವಾಗಿ ಹೋದರು. ಗೆದ್ದು ಮುಗಿದ ರೋಗಕ್ಕೆ ಜನ ಯಾಕೆ ಬೇಕು? ಕೇಂದ್ರದಲ್ಲಿ ನಾನೊಬ್ಬಳೇ ಉಳಿದೆ.

ಒಬ್ಬಳೇ ಎಂದರೂ ವರ್ಷಕ್ಕೆ ಹತ್ತು ದಿನ ಮನೆ ತುಂಬುತ್ತಿತ್ತು. ಮಳೆ ನಿಂತು ಹೊಲಗಳು ಖಾಲಿಯಾದ ಮೇಲೆ ಕುರಿಯವರು ಹಿಂಡು ಹೊಡೆದುಕೊಂಡು ಬಂದು ಕೇಂದ್ರದ ಪಕ್ಕದ ಬಯಲಿನಲ್ಲಿ ಹಟ್ಟಿ ಹಾಕುತ್ತಿದ್ದರು. ಅಮೋಗೆಪ್ಪನ ಹಟ್ಟಿ ಎಲ್ಲಕ್ಕಿಂತ ದೊಡ್ಡದು. ಅವನು ನಲವತ್ತು ದಾಟಿದವನು, ಮಾತು ಕಡಿಮೆ. ಅವನ ಹೆಂಡತಿ ಕೆಂಚವ್ವನಿಗೆ ಇಬ್ಬರ ಮಾತೂ ಸೇರಿಸಿ ಬಂದಿತ್ತು. ಹೇರುಗುದುರೆಯ ಬೆನ್ನಿನಿಂದ ಪಾತ್ರೆ ಇಳಿಸುವ ಮೊದಲೇ ನನ್ನ ಬಾಗಿಲಿಗೆ ಬಂದು, ಹೋದ ವರ್ಷಕ್ಕಿಂತ ಸೊರಗಿದ್ದೀರಿ ಎಂದು ಬೈಯುತ್ತಿದ್ದಳು. ಹತ್ತು ದಿನ ನನಗೆ ಸಜ್ಜೆ ರೊಟ್ಟಿ, ಕುರಿಯ ಹಾಲಿನ ಗಿಣ್ಣ, ಯಾರ ಸೊಸೆ ಯಾರ ಮಾತು ಕೇಳುವುದಿಲ್ಲ ಎಂಬ ವರದಿ, ಎಲ್ಲವೂ ಸಿಗುತ್ತಿತ್ತು. ನಾನು ಅವರ ಮುಂಗೈಯ ದಾರ ಪರೀಕ್ಷಿಸುತ್ತಿದ್ದೆ. ಆ ಹತ್ತು ದಿನದ ಮೇಲೆ ಉಳಿದ ವರ್ಷವನ್ನು ದೂಡುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆ ವರ್ಷ ಶ್ರಾವಣದಲ್ಲಿ, ಅವರು ಬರಲು ಇನ್ನೂ ಎರಡು ತಿಂಗಳಿರುವಾಗ, ಪರದೆಯ ಮೇಲೆ ಒಂದು ಚುಕ್ಕೆ ಕಡಲೆಯಷ್ಟಾಗಿತ್ತು. ದಾರದ ದೋಷವಿರಬೇಕು ಎಂದು ಬಿಟ್ಟೆ. ಮುಂದಿನ ವಾರ ಅಂಥವು ಹನ್ನೆರಡು ಕಂಡವು. ಹನ್ನೆರಡೂ ಅಮೋಗೆಪ್ಪನ ಹಟ್ಟಿಯವು, ಅತಿ ದೊಡ್ಡದು ಅವನದೇ. ಹಳೆಯ ದಾಖಲೆ ತೆಗೆದು ನೋಡಿದರೆ ಅವು ಐದಾರು ವರ್ಷದಿಂದ ಸದ್ದಿಲ್ಲದೆ ಹಿಗ್ಗುತ್ತಲೇ ಇದ್ದವು. ಸರಾಸರಿ ಲೆಕ್ಕ ಮಾತ್ರ ನೋಡಿ ಸಹಿ ಹಾಕುತ್ತಿದ್ದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಿರ್ದೇಶಕ ಜಯತೀರ್ಥನಿಗೆ ತಿಳಿಸಿದೆ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತವನು, ಈಗ ರಾಜಧಾನಿಯಲ್ಲಿ ಕೂತು ನನಗೆ ಆದೇಶ ಕಳಿಸುವವನು. ಲಕ್ಷಗಟ್ಟಲೆ ಚುಕ್ಕೆಯಲ್ಲಿ ಹನ್ನೆರಡು ಯಾವ ಲೆಕ್ಕ ಎಂದು ಕೇಳಿದ. ಮೂವತ್ತು ವರ್ಷದ ಸಮಾರಂಭ ಹತ್ತಿರ ಬಂದಿದೆ, ನಿಮ್ಮ ಸನ್ಮಾನವೂ ಇದೆ ಎಂದು ನೆನಪಿಸಿದ. ನಾನು ಜೀಪು ಹತ್ತಿ ಹಟ್ಟಿ ಹುಡುಕಿಕೊಂಡು ಹೊರಟೆ.

ಅವರು ಮಲಪ್ರಭೆಯ ಆಚೆ ಒಂದು ಕಲ್ಲುಭೂಮಿಯಲ್ಲಿದ್ದರು. ನಾನು ಹೋದಾಗ ಅಮೋಗೆಪ್ಪ ಬೆಳಿಗ್ಗೆ ಸತ್ತ ಒಂದು ಮುದಿ ಕುರಿಯನ್ನು ಕೊಯ್ಯುತ್ತಿದ್ದ. ಬಾಗಿದಾಗಲೆಲ್ಲ ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿಯುತ್ತಿದ್ದ. ಯಕೃತ್ತನ್ನು ಹೊರತೆಗೆದು ಅಂಗೈ ಮೇಲೆ ಹರಡಿ, ಬಾಳೆಹಣ್ಣು ಕೊಳ್ಳುವವನು ಗೊನೆ ತಿರುಗಿಸಿ ನೋಡುವಂತೆ ನೋಡಿದ. ಅದರಲ್ಲಿ ನಾಲ್ಕೈದು ಗುಳ್ಳೆಗಳಿದ್ದವು, ಒಂದು ಲಿಂಬೆಹಣ್ಣಿನಷ್ಟಿತ್ತು. ಆ ದೊಡ್ಡದಿದ್ದ ತುಂಡನ್ನು ಕತ್ತರಿಸಿ, ಸುತ್ತ ಕಾಯುತ್ತಿದ್ದ ಏಳು ನಾಯಿಗಳಲ್ಲಿ ರತ್ನಿ ಎಂಬ ಬಸುರಿ ನಾಯಿಯನ್ನು ಹೆಸರು ಹಿಡಿದು ಕರೆದು ಹಾಕಿದ. ಸಣ್ಣ ಗುಳ್ಳೆಗಳಿದ್ದ ತುಂಡುಗಳನ್ನು ಮಣ್ಣಿನಲ್ಲಿ ಹೂತ.

ಕೇಳದೆ ಇರಲಾಗಲಿಲ್ಲ.

"ಅಮೋಗೆಪ್ಪ, ದೊಡ್ಡ ಗುಳ್ಳಿ ಇದ್ದದ್ದನ್ನ ಆಕಿಗೆ ಯಾಕ ಹಾಕಿದಿ?"

"ಬೀಜಕ್ಕಂತ ದಪ್ಪ ತೆನಿ ಆರಿಸಿ ಇಡೂದಿಲ್ಲೇನ್ರಿ ಅಕ್ಕಾರ, ಹಂಗ," ಎಂದ. "ನಮ್ಮಪ್ಪನ ಕಾಲದಿಂದ ಹಿಂಗ ಮಾಡ್ತೀವ್ರಿ. ಚಲೋ ಗುಳ್ಳಿ ಚಲೋ ನಾಯಿಗೆ. ಸಣ್ಣದರಾಗ ಸತ್ವ ಇರೂದಿಲ್ಲ."

ಕುರಿಯವನ ಬುದ್ಧಿ ಅದು. ಹಿಂಡಿನಲ್ಲಿ ದಷ್ಟಪುಷ್ಟ ಟಗರನ್ನೇ ಬೀಜಕ್ಕೆ ಉಳಿಸಿ ಸಾವಿರ ವರ್ಷದಿಂದ ತಳಿ ತಿದ್ದಿದವರು ಗುಳ್ಳೆಯ ತಳಿಯನ್ನೂ ಹಾಗೆಯೇ ತಿದ್ದಿದ್ದರು. ಪ್ರತಿ ಸಲವೂ ದೊಡ್ಡ ಗುಳ್ಳೆ ಮಾಡುವ ಹುಳುವಿಗೆ ಮಾತ್ರ ನಾಯಿಯ ಹೊಟ್ಟೆ ಸೇರುವ ಅವಕಾಶ, ಸಣ್ಣದಕ್ಕೆ ಮಣ್ಣು. ಮೂವತ್ತು ವರ್ಷ, ಹತ್ತು ಹನ್ನೆರಡು ತಲೆಮಾರಿನ ಹುಳು. ನಾವು ಪ್ರಯೋಗಾಲಯದಲ್ಲಿ ಸಾಧು ಮಾಡಿದ್ದನ್ನು ಅವರು ಕೈಯಾರೆ, ಪ್ರೀತಿಯಿಂದ, ಮತ್ತೆ ಕ್ರೂರ ಮಾಡಿದ್ದರು.

ಹೀಗೆ ಮಾಡಲು ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಕೇಂದ್ರಕ್ಕೆ ವಾಪಸು ಬಂದು ಹಳೆಯ ಚಿತ್ರಸುರುಳಿ ಹುಡುಕಿದೆ. ಇಪ್ಪತ್ತಾರು ವರ್ಷದ ನಾನು ಒಂದು ಚಕ್ಕಡಿಯ ಮೇಲೆ ನಿಂತಿದ್ದೇನೆ. ಎದುರಿಗೆ ಕಂಬಳಿ ಹೊದ್ದ ನೂರಾರು ಜನ. ಎರಡು ಜಡೆಯ ಆ ಹುಡುಗಿಗೆ ಏನು ಹುರುಪು! ಗುಳ್ಳೆ ಇರುವ ಯಕೃತ್ತನ್ನು ಒಗೆಯಬೇಡಿ, ನಾಯಿಗೆ ಹಾಕಿ, ಗುಳ್ಳೆ ಇನ್ನು ಮೇಲೆ ನಿಮ್ಮ ಗೆಳೆಯ ಎನ್ನುತ್ತಾಳೆ. ತಳಿ ಬೇಗ ಹಬ್ಬಲಿ ಎಂಬುದು ನಮ್ಮ ಅವಸರ. ಆಮೇಲೆ ಒಬ್ಬ ಮುದುಕ ಎದ್ದು ಏನೋ ಕೇಳುತ್ತಾನೆ. ಅವಳು ನಗುತ್ತಾ ಉತ್ತರಿಸುತ್ತಾಳೆ: "ದೊಡ್ಡದಿದ್ದಷ್ಟು ಚಲೋ." ಅದನ್ನು ನಾನು ಪೂರ್ತಿ ಮರೆತಿದ್ದೆ. ಅವರು ಮರೆತಿರಲಿಲ್ಲ.

ಅದಾದ ಮೇಲೆ ಎರಡು ದಿನ ಪರದೆಯ ಮುಂದೆ ಕೂತಿದ್ದೆ. ಬೆವರಿನ ದ್ರವದ ಪ್ರಮಾಣದಿಂದ ಅಮೋಗೆಪ್ಪನ ಗುಳ್ಳೆಯ ಗಾತ್ರವನ್ನು ಯಂತ್ರ ಲೆಕ್ಕ ಹಾಕಿ ತೋರಿಸಿತು. ತೆಂಗಿನಕಾಯಿಯಷ್ಟು ದೊಡ್ಡ ಗುಳ್ಳೆ, ಅಷ್ಟು ಹಿಗ್ಗಿದ್ದರ ಗೋಡೆ ತೆಳ್ಳಗಾಗಿರಲೇಬೇಕು. ಅವನು ಟಗರುಗಳ ನಡುವೆ ಓಡಾಡುವವನು. ಒಂದು ಗುದ್ದು ಸಾಕು.

ಜಯತೀರ್ಥನಿಗೆ ಈ ಸಲ ಹೆದರಿಕೆ ಹುಟ್ಟಿತು. ಆದರೆ ಅವನ ಉಪಾಯ ಬೇರೆ. ಶಕ್ತಿಯ ಗುಳಿಗೆ ಎಂದು ಹೇಳಿ ನಾಯಿಗಳಿಗೂ ಜನಕ್ಕೂ ಮದ್ದು ಕೊಟ್ಟುಬಿಡೋಣ, ಕಾರಣ ಹೇಳುವುದು ಬೇಡ, ಕೇಂದ್ರದ ಮೇಲಿನ ನಂಬಿಕೆ ಹೋದರೆ ಮುಂದೆ ಯಾವ ಲಸಿಕೆಯನ್ನೂ ಯಾರೂ ಹಾಕಿಸಿಕೊಳ್ಳುವುದಿಲ್ಲ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಾರಣ ತಿಳಿಯದೆ ಅವರು ದೊಡ್ಡ ಗುಳ್ಳೆ ಆರಿಸುವುದನ್ನು ಬಿಡುವವರಲ್ಲ. ಅದಿರಲಿ, ಅಮೋಗೆಪ್ಪನ ಗುಳ್ಳೆ ಗುಳಿಗೆಗೆ ಕರಗುವ ಹಂತ ದಾಟಿತ್ತು. ಅವನನ್ನು ಆಸ್ಪತ್ರೆಗೆ ಒಯ್ದು ಸೂಜಿ ಚುಚ್ಚಿಸಿ ಗುಳ್ಳೆಯ ನೀರು ತೆಗೆಸಬೇಕಿತ್ತು. ಗೆಳೆಯನನ್ನು ಕೊಲ್ಲಿಸಲು ಯಾರು ಬರುತ್ತಾರೆ?

ಮತ್ತೆ ಹೋದೆ. ಮಧ್ಯಾಹ್ನದ ಹೊತ್ತು, ಹಿಂಡು ಜಾಲಿಮರಗಳ ನೆರಳಿನಲ್ಲಿ ಮಲಗಿತ್ತು. ಕೆಂಚವ್ವ ರೊಟ್ಟಿ ಬಡಿಯುತ್ತಿದ್ದಳು. ಆಸ್ಪತ್ರೆಗೆ ಹೋಗೋಣ ಎಂದೆ. ಅಮೋಗೆಪ್ಪ ನಕ್ಕುಬಿಟ್ಟ. ಹಟ್ಟಿಯಲ್ಲಿ ಎಲ್ಲರಿಗಿಂತ ದೊಡ್ಡ ಸಾಸಿವೆ ತನ್ನದೆಂದು ಅವನಿಗೆ ಒಳಗೊಳಗೆ ಹೆಮ್ಮೆಯಿತ್ತು. ಪಕ್ಕೆ ನೋವು ಭಾರ ಹೊತ್ತದ್ದಕ್ಕೆ ಎಂದುಕೊಂಡಿದ್ದ. ಒಂದು ತಾಸು ಬಗೆಬಗೆಯಾಗಿ ಹೇಳಿದೆ, ಹುಳು ಬದಲಾಗಿದೆ ಎಂದೆ, ಕಾಲ ಬದಲಾಗಿದೆ ಎಂದೆ, ನನ್ನೊಬ್ಬಳ ಹೆಸರನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವನು ಕೊನೆಗೆ ತಾಳ್ಮೆಯಿಂದಲೇ ಕೇಳಿದ.

"ನೀವ ಅಲ್ಲೇನ್ರಿ ಅಕ್ಕಾರ, ಗುಳ್ಳಿ ನಮ್ಮ ಗೆಳ್ಯಾ ಅಂದವರು? ನಮ್ಮಪ್ಪ ನನ್ನ ಮುಂದ ಕುಂದರಿಸಿದ್ದ. ದೊಡ್ಡದಿದ್ದಷ್ಟು ಚಲೋ ಅಂತ ನಿಮ್ಮ ಬಾಯಿಲೆ ಕೇಳೀನಿ."

"ನಾ ತಪ್ಪ ಹೇಳಿದ್ದೆ, ತಮ್ಮಾ."

ಕೆಂಚವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ನಾನು ಮಿಕ್ಕಿದ್ದನ್ನೂ ಹೇಳಿದೆ. ನಮಗೆ ಬೇಗ ಹಬ್ಬಿಸುವುದೊಂದೇ ಬೇಕಿತ್ತು. ದೊಡ್ಡದನ್ನು ಆರಿಸಿ ಹಾಕಿದರೆ ಏನಾದೀತೆಂದು ನಾನು ಒಂದು ನಿಮಿಷವೂ ಯೋಚಿಸಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ, ನೀವು ನಂಬಿದಿರಿ. ಈಗ ಅದು ನಿನ್ನ ಹೊಟ್ಟೆಯಲ್ಲಿ ಬೆಳೆದು ನಿಂತಿದೆ. ಟಗರು ಗುದ್ದಿದರೆ, ಕುದುರೆ ಒದ್ದರೆ ಒಡೆಯುತ್ತದೆ, ಒಡೆದರೆ ನೀನು ಉಳಿಯುವುದಿಲ್ಲ.

ಟಗರು ಎಂದ ಕೂಡಲೇ ಕೆಂಚವ್ವ ನನ್ನನ್ನು ನೋಡಿದಳು. ಎರಡು ವರ್ಷದ ಹಿಂದೆ ಅವಳ ಮೈದುನ ಯಮನಪ್ಪನಿಗೆ ಟಗರು ಹೊಟ್ಟೆಗೆ ಗುದ್ದಿತ್ತು. ಮೈಯೆಲ್ಲ ದದ್ದು ಎದ್ದು, ಉಸಿರು ಸಿಗದೆ, ರಸ್ತೆಗೆ ಒಯ್ಯುವಷ್ಟರಲ್ಲಿ ತೀರಿಕೊಂಡಿದ್ದ. ವೈದ್ಯರು ಹೃದಯ ನಿಂತಿತು ಎಂದು ಬರೆದುಕೊಟ್ಟಿದ್ದರು. ಅವನ ಚುಕ್ಕೆ ಆರಿದ ದಿನ ನಾನು ಕಾರಣದ ಕಲಮಿನಲ್ಲಿ ಅಪಘಾತ ಎಂದು ತುಂಬಿದ್ದೆ.

"ಹಂಗಾರ ನಮ್ಮ ಯಮನಪ್ಪ ಟಗರು ಗುದ್ದಿ ಸತ್ತಿಲ್ಲ," ಎಂದಳು ಕೆಂಚವ್ವ.

"ಇಲ್ಲವ್ವ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಪ್ರತಿ ವರ್ಷ ಸೊರಗಿದ್ದೀರಿ ಎಂದು ಬೈಯುತ್ತಿದ್ದವಳು ಅಂದು ಒಂದು ಮಾತು ಬೈದಿದ್ದರೆ ನಾನು ಅಷ್ಟು ನರಳುತ್ತಿರಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುತ್ತಿತ್ತು. ಅದನ್ನು ತೆಗೆದು ನಾಯಿಗೆ ಒಗೆದು, ಗಂಡನಿಗೆ ಕಂಬಳಿ ತೆಗೆದುಕೊಟ್ಟಳು. ಹೋಗಿ ಬಾ ಎಂದಷ್ಟೇ ಹೇಳಿದಳು.

ಜಿಲ್ಲಾ ಆಸ್ಪತ್ರೆಯ ಶಸ್ತ್ರವೈದ್ಯ ಚಿಕ್ಕ ವಯಸ್ಸಿನವನು. ಇಂಥ ಗುಳ್ಳೆಯನ್ನು ಪುಸ್ತಕದಲ್ಲೂ ಸರಿಯಾಗಿ ಓದಿರಲಿಲ್ಲ. ಓದುವುದಾದರೂ ಯಾಕೆ, ನಾವು ರೋಗವನ್ನು ಗೆದ್ದಿದ್ದೆವಲ್ಲ. ಮೊದಲು ಕೆಲವು ದಿನ ಗುಳಿಗೆ ಕೊಟ್ಟು, ಆಮೇಲೆ ನಾನು ಆ ವೈದ್ಯನ ಪಕ್ಕದಲ್ಲಿ ನಿಂತು ಹಳೆಯ ಪಾಠವನ್ನು ಒಂದೊಂದೇ ಸಾಲು ಹೇಳಿಕೊಟ್ಟೆ. ಸೂಜಿಯಿಂದ ನೀರು ಹೀರಬೇಕು, ಒಂದು ಹನಿ ಆಚೆ ಚೆಲ್ಲಕೂಡದು. ಗಟ್ಟಿ ಉಪ್ಪುನೀರು ತುಂಬಬೇಕು, ಕಾಯಬೇಕು, ಮತ್ತೆ ಹೀರಬೇಕು. ಕಾಯುವ ಆ ಇಪ್ಪತ್ತು ನಿಮಿಷ ನಾನು ಅಮೋಗೆಪ್ಪನ ಮುಂಗೈಯ ದಾರವನ್ನೇ ನೋಡುತ್ತಿದ್ದೆ.

ಅವನು ಉಳಿದ. ಹದಿನೈದನೆಯ ದಿನ ನಡೆದುಕೊಂಡು ಹಟ್ಟಿಗೆ ಹೊರಟ. ಬಾಗಿಲ ತನಕ ಹೋಗಿ ನಿಂತು, ನಾಯಿಗಳಿಗೆ ಏನು ಮಾಡಬೇಕು ಎಂದು ನೆಲ ನೋಡುತ್ತಲೇ ಕೇಳಿದ. ಆರು ವಾರಕ್ಕೊಮ್ಮೆ ಗುಳಿಗೆ, ಸತ್ತ ಕುರಿಯ ಯಕೃತ್ತನ್ನು ಬೇಯಿಸದೆ ಹಾಕಕೂಡದು, ಇಲ್ಲವೇ ಆಳವಾಗಿ ಹೂಳಬೇಕು ಎಂದೆ. ಇನ್ನೊಮ್ಮೆ ಹೇಳಿಸಿ ಕೇಳಿಕೊಂಡ. ಉಳಿದ ಹಟ್ಟಿಯವರಿಗೆ ತಾನೇ ಹೇಳುತ್ತೇನೆ ಎಂದ. ಬರುತ್ತೇನೆ ಅಕ್ಕಾರ ಎಂದು ಮಾತ್ರ ಹೇಳಲಿಲ್ಲ. ಹೊರಟುಹೋದ.

ನಾನು ಎಲ್ಲವನ್ನೂ ಬರೆದು ಪತ್ರಿಕೆಗಳಿಗೆ ಕೊಟ್ಟೆ. ಸಮಾರಂಭ ರದ್ದಾಯಿತು. ಜಯತೀರ್ಥ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ, ಅದೇನೂ ದೊಡ್ಡ ನಷ್ಟವಲ್ಲ. ನನ್ನನ್ನು ಕೇಂದ್ರದಿಂದ ತೆಗೆಯಲೂ ಇಲ್ಲ, ಬೇರೆ ಯಾರೂ ಆ ಬಯಲಿಗೆ ಬರಲು ಒಪ್ಪಿರಲಿಲ್ಲ.

ಮಳೆ ನಿಂತಿತು. ಹೊಲಗಳು ಖಾಲಿಯಾದವು. ನಾನು ಬಯಲಿನ ಮುಳ್ಳು ಕೀಳಿಸಿ, ತೊಟ್ಟಿಗೆ ನೀರು ತುಂಬಿಸಿ ಕಾದೆ. ಪರದೆಯ ಮೇಲೆ ಹಳದಿ ಚುಕ್ಕೆಗಳ ಸಾಲು ಎಂದಿನ ದಾರಿಯಲ್ಲೇ ಬಂದು, ಎರಡು ಹರದಾರಿ ಇರುವಾಗ ಪೂರ್ವಕ್ಕೆ ತಿರುಗಿತು. ಕೇಂದ್ರವನ್ನು ಬಳಸಿಕೊಂಡು ನದಿ ದಾಟಿ ಹೋಯಿತು. ಮಾರನೆಯ ವರ್ಷವೂ ಹಾಗೆಯೇ ಆಯಿತು. ಗುಳಿಗೆಗಳನ್ನು ಊರಿನ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲಿ ಕಳಿಸುತ್ತಿದ್ದೆ. ಒಂದೂ ಹಿಂದಿರುಗಿ ಬರುತ್ತಿರಲಿಲ್ಲ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು, ನನ್ನನ್ನು ಮಾತ್ರ ಬಿಟ್ಟರು. ಅನ್ಯಾಯವೆಂದು ಹೇಳಲು ನನಗೆ ಬಾಯಿಲ್ಲ.

ನಾಯಿಗಳ ಹೊಟ್ಟೆ ಶುದ್ಧವಾದಂತೆ ಹೊಸ ಚುಕ್ಕೆಗಳು ಹುಟ್ಟುವುದು ನಿಂತಿತು. ಗುಳಿಗೆ ನುಂಗಿದವರ ಚುಕ್ಕೆಗಳು ಕರಗತೊಡಗಿದವು. ಕೆಲವರು ಸಿಟ್ಟಿನಿಂದ ದಾರವನ್ನೇ ಕಿತ್ತೆಸೆದಿರಬೇಕು, ಅಂಥವು ಒಮ್ಮೆಲೇ ಆರಿದವು. ಊರಿಗೆ ಊರೇ ನಕ್ಷೆಯಿಂದ ಅಳಿಸಿಹೋದವು. ಎಲ್ಲ ಪುಸ್ತಕಗಳ ಪ್ರಕಾರ ಇದು ಗೆಲುವು, ಅದೂ ಈ ಸಲ ನಿಜವಾದ ಗೆಲುವು. ಆದರೆ ಗುಣವಾದವನು ನನ್ನ ಪಾಲಿಗೆ ಕಾಣೆಯಾದವನು. ಅಮೋಗೆಪ್ಪ ಈಗ ಎಲ್ಲಿದ್ದಾನೆ, ಮತ್ತೆ ಭಾರ ಹೊರುತ್ತಾನೋ, ರತ್ನಿಯ ಮರಿಗಳು ಎಷ್ಟು ಉಳಿದವು, ತಿಳಿಯುವ ದಾರಿಯಿರಲಿಲ್ಲ. ಕಾರ್ಯಕರ್ತೆಯರನ್ನು ಕೇಳಬಹುದಿತ್ತು. ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ನಾಲ್ಕನೆಯ ವರ್ಷದ ಕೊನೆಗೆ ಪರದೆಯ ಮೇಲೆ ಒಂದೇ ಚುಕ್ಕೆ ಉಳಿದಿತ್ತು. ಅದು ಕೆಂಚವ್ವನದು. ಅವಳಿಗೆ ಯಾಕೆ ತಡವಾಯಿತೋ ಗೊತ್ತಿಲ್ಲ, ಕೆಲವರ ಮೈ ಹಾಗೆ. ದಾರವನ್ನು ಅವಳು ಯಾಕೆ ಕಿತ್ತು ಎಸೆಯಲಿಲ್ಲವೋ ಅದೂ ಗೊತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವಳನ್ನು ಹುಡುಕುತ್ತಿದ್ದೆ. ಇಂದು ಹೊಳೆಯ ದಂಡೆಯಲ್ಲಿದ್ದಾಳೆ, ಬಟ್ಟೆ ಒಗೆಯುತ್ತಿರಬೇಕು. ಇಂದು ಸಂತೆಯ ಊರು ದಾಟಿದಳು. ಇಂದು ಇಡೀ ದಿನ ಒಂದೇ ಕಡೆ ಇದ್ದಾಳೆ, ಮೈಗೆ ಹುಷಾರಿಲ್ಲವೋ, ಯಾವುದಾದರೂ ಕುರಿ ಈಯುತ್ತಿದೆಯೋ. ಚಹಾದ ಲೋಟ ಹಿಡಿದು ಪರದೆಯನ್ನು ನಾನೇ ಮಾತಾಡಿಸುತ್ತಿದ್ದೆ.

ಚುಕ್ಕೆ ವಾರವಾರಕ್ಕೆ ಸಣ್ಣದಾಗುತ್ತಿತ್ತು. ಜೋಳದಷ್ಟಾಯಿತು, ಸಾಸಿವೆಯಷ್ಟಾಯಿತು. ವರದಿಯಲ್ಲಿ ಉತ್ತಮ ಪ್ರಗತಿ ಎಂದು ಬರೆಯುತ್ತಿದ್ದೆ. ಬರೆದು, ಇಷ್ಟಕ್ಕೇ ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸುಳ್ಳು ಹೇಳಿ ಏನು ಪ್ರಯೋಜನ, ಅವಳ ಮೈದುನನನ್ನು ಕೊಂದ ರೋಗ ಅವಳಲ್ಲಿ ಚೂರಾದರೂ ಉಳಿಯಲಿ ಎಂದು ನಾನು ದೇವರನ್ನು ಕೇಳಿದ್ದೇನೆ.

ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಜೋಳದ ಹೊಲಗಳ ನಡುವೆ ಎಲ್ಲೋ ನಡೆಯುತ್ತಿರುವಾಗ, ಕೆಂಚವ್ವ ಪೂರ್ತಿ ಗುಣವಾದಳು.